ಕೆಳಗೆ ನೋಡಲಾಗದ ಕಣ್ಣು

ಹದಿನಾಲ್ಕು ವರ್ಷ ನಾನು ಮನುಷ್ಯರನ್ನು ಮೇಲಿನಿಂದ ನೋಡಿದವನು. ಕುರೆಕುಪ್ಪದ ಆಚೆ ಒಂದು ಸಣ್ಣ ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್ ಆಗಿದ್ದೆ. ಶೆಡ್ಡಿನ ಛಾವಣಿಯ ಕೆಳಗೆ, ಈ ಗೋಡೆಯಿಂದ ಆ ಗೋಡೆಗೆ ಹಾಯ್ದ ತೊಲೆಯಂತಹ ಕ್ರೇನು. ಅದಕ್ಕೆ ಜೋತುಬಿದ್ದ ಗಾಜಿನ ಕ್ಯಾಬಿನ್ನಿನಲ್ಲಿ ಕೂತು, ಕಾಲ ಬಳಿಯ ಗಾಜಿನಿಂದ ಕೆಳಗೆ ನೋಡುತ್ತ, ಕಬ್ಬಿಣದ ಪ್ಲೇಟುಗಳನ್ನು ಎತ್ತಿ ಲಾರಿಯ ಮೇಲೆ ಇಡುವುದು ನನ್ನ ಕೆಲಸ. ಕೆಳಗಿನವರ ಮುಖ ನನಗೆ ಅಷ್ಟಾಗಿ ಗೊತ್ತಿರಲಿಲ್ಲ. ಹೆಲ್ಮೆಟ್ಟು, ಭುಜ, ನಡಿಗೆ ನೋಡಿ ಇಂಥವರೆಂದು ಹೇಳುತ್ತಿದ್ದೆ. ಊಟದ ಹೊತ್ತಿಗೆ ಇಳಿದು ಬಂದರೆ ಎದುರಿಗೆ ನಿಂತವರು ಯಾರೆಂದು ತಿಳಿಯಲು ಒಂದು ಗಳಿಗೆ ಬೇಕಾಗುತ್ತಿತ್ತು.

ಒಬ್ಬರನ್ನು ಮಾತ್ರ ಮೇಲಿನಿಂದಲೂ ಎದುರಿನಿಂದಲೂ ಚೆನ್ನಾಗಿ ಬಲ್ಲೆ. ಅವರು ನನ್ನ ಸಿಗ್ನಲ್‌ನವರು. ಕ್ರೇನಿನ ಕೆಳಗೆ ನಿಂತು, ಎತ್ತು, ಇಳಿಸು, ನಿಲ್ಲಿಸು ಎಂದು ಕೈಸನ್ನೆಯಲ್ಲಿ ಹೇಳುವವರು. ಶೆಡ್ಡಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಎಲ್ಲವೂ ಕೈಯಿಂದಲೇ ನಡೆಯಬೇಕು. ತೋರುಬೆರಳು ಕೆಳಗೆ ಮಾಡಿ ಸುತ್ತಿಸಿದರೆ ಇಳಿಸು. ಅಂಗೈ ಕೆಳಗಾಗಿಸಿ ಅಡ್ಡಡ್ಡ ಬೀಸಿದರೆ ನಿಲ್ಲಿಸು. ಅವರು ಸಂಡೂರು ತಾಲ್ಲೂಕಿನ ವಡ್ಡು ಊರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಬೆಳಿಗ್ಗೆ ಹೊಲಕ್ಕೆ ಹೋಗಿ ನೀರು ಬಿಟ್ಟು ಆಮೇಲೆ ಶಿಫ್ಟಿಗೆ ಬರುತ್ತಿದ್ದರು. ನಾನು ಅವರನ್ನು ಅಣ್ಣಾ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಮಾತು ಕಡಿಮೆ. ಹದಿನಾಲ್ಕು ವರ್ಷದಲ್ಲಿ ಬಾಯಿಂದ ಆಡಿದ ಮಾತಿಗಿಂತ ಕೈಯಿಂದ ಆಡಿದ ಮಾತೇ ಹೆಚ್ಚು. ಅವರ ಬೆರಳು ನಾನು ಕ್ರೇನ್ ನಡೆಸುವ ಲಿವರ್ ಹಿಡಿಯ ಮೇಲೆಯೇ ಇದೆ ಅನ್ನಿಸುವಷ್ಟು ನಾವಿಬ್ಬರೂ ಹೊಂದಿಕೊಂಡಿದ್ದೆವು.

ನನಗೆ ನಲವತ್ತಾರು ತುಂಬಿದ ವರ್ಷ, ಬೇಸಿಗೆ ಮುಗಿಯುವ ಹೊತ್ತಿಗೆ, ಒಂದು ದಿನ ನೆಲದ ಮೇಲಿನ ಹಳದಿ ಗೆರೆ ಎರಡಾಗಿ ಕಂಡಿತು. ಕಣ್ಣು ಉಜ್ಜಿಕೊಂಡೆ. ನಮ್ಮ ಕಡೆ ಅದಿರಿನ ಕೆಂಪು ಧೂಳು ಕಣ್ಣಿಗೆ ಹೋಗುವುದು ದಿನದ ಮಾತು. ನೀರು ಹಾಕಿ ತೊಳೆದುಕೊಂಡು ಮತ್ತೆ ಕೂತೆ. ಎರಡಾಗಿದ್ದ ಗೆರೆ ಈಗ ಒಂದೇ ಆಗಿತ್ತು, ಆದರೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಒಲೆಯ ಮೇಲಿನ ಬಿಸಿಗಾಳಿಯ ಆಚೆಗಿನ ವಸ್ತುವಿನಂತೆ ಮೇಲೆ ಕೆಳಗೆ ಸಣ್ಣಗೆ ಕುಣಿಯುತ್ತಿತ್ತು. ತಲೆ ಎತ್ತಿ ಛಾವಣಿ ನೋಡಿದೆ, ಅದು ಸ್ಥಿರವಾಗಿತ್ತು. ಕೆಳಗೆ ನೋಡಿದರೆ ಮತ್ತೆ ಕುಣಿತ. ಕ್ರೇನಿನ ನಡುಕವೇ ಇರಬೇಕೆಂದುಕೊಂಡು ಮೇಂಟೆನೆನ್ಸಿನವರಿಗೆ ಹೇಳಿ ಗಾಲಿಗಳನ್ನು ನೋಡಿಸಿದೆ. ಅವರು ಅರ್ಧ ದಿನ ಪರೀಕ್ಷೆ ಮಾಡಿ, ಕ್ರೇನಿನಲ್ಲಿ ಏನೂ ಇಲ್ಲ ಎಂದರು.

ಆಮೇಲಿನ ಎರಡು ತಿಂಗಳಲ್ಲಿ ನಡುಕ ಕ್ಯಾಬಿನ್ನಿನಿಂದ ಇಳಿದು ನನ್ನ ಜೊತೆ ಮನೆಗೆ ಬಂತು. ಮೆಟ್ಟಿಲು ಇಳಿಯುವಾಗ ಮೆಟ್ಟಿಲುಗಳು ಒಂದರೊಳಗೊಂದು ಸೇರಿಕೊಳ್ಳುತ್ತಿದ್ದವು. ಪೇಪರನ್ನು ತೊಡೆಯ ಮೇಲಿಟ್ಟು ಓದಲು ಆಗುತ್ತಿರಲಿಲ್ಲ. ತಟ್ಟೆಯಲ್ಲಿ ಅನ್ನ ಯಾವುದು ಪಲ್ಯ ಯಾವುದು ಎಂದು ಬೆರಳಿನಿಂದ ಹುಡುಕುತ್ತಿದ್ದೆ. ಯಾರೂ ಹೇಳಿಕೊಡದೆಯೇ ನನ್ನ ಕುತ್ತಿಗೆ ಒಂದು ಉಪಾಯ ಕಂಡುಕೊಂಡಿತು. ಗದ್ದವನ್ನು ಎದೆಗೆ ಒತ್ತಿ, ಹುಬ್ಬಿನ ಕೆಳಗಿನಿಂದ ಕಣ್ಣು ಮೇಲೆತ್ತಿ ನೋಡಿದರೆ ಎದುರಿಗಿದ್ದದ್ದು ಸ್ವಲ್ಪ ನಿಲ್ಲುತ್ತಿತ್ತು. ನಾನು ಹಾಗೆ ನೋಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಎದುರಿದ್ದವರಿಗೆ ಅದು ಬೇರೆಯೇ ಆಗಿ ಕಂಡಿತು.

ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಒಂದು ಸಂಜೆ ನನ್ನ ಹೆಂಡತಿ ಚಹಾ ತಂದಿಟ್ಟು, ಎದುರಿಗೇ ಕೂತು ಕೇಳಿದಳು. "ನನ್ನ ಮ್ಯಾಲ ಏನಾರ ಸಿಟ್ಟಿದ್ರ ಬಾಯಿಬಿಟ್ಟು ಹೇಳ್ರಿ. ಹಿಂಗ ದಿನಾ ಕೆಕ್ಕರಿಸಿ ನೋಡಬ್ಯಾಡ್ರಿ."

ಸಿಟ್ಟೇನೂ ಇಲ್ಲ, ಕೆಲಸದ ದಣಿವು ಎಂದೆ. ಅವಳು ನಂಬಲಿಲ್ಲ. ನಾನು ತಟ್ಟೆಯಲ್ಲಿ ಕೈಯಾಡಿಸುವುದನ್ನು, ಮಾತಾಡುವಾಗ ಮುಖ ಕೆಳಗೆ ಹಾಕುವುದನ್ನು ಅವಳು ಬಹಳ ದಿನದಿಂದ ಗಮನಿಸಿದ್ದಳು. ಅಡುಗೆ ಸೇರುತ್ತಿಲ್ಲವೆಂದೋ, ಹೇಳಿಕೊಳ್ಳಲಾಗದ ಯಾವುದೋ ವಿಷಯ ನನ್ನ ಮನಸ್ಸಿನಲ್ಲಿದೆಯೆಂದೋ ತನ್ನಷ್ಟಕ್ಕೆ ಕೊರಗಿದ್ದಳು. ಆ ದಿನವೂ ನಾನು ನಿಜ ಹೇಳಲಿಲ್ಲ. ಕಣ್ಣಿನ ಮಾತು ಬಾಯಿಗೆ ಬಂದರೆ ಅದು ಕಾರ್ಖಾನೆಯವರೆಗೂ ಹೋಗುತ್ತದೆ ಎಂಬ ಹೆದರಿಕೆ ಇತ್ತು. ಕ್ರೇನ್ ಆಪರೇಟರಿಗೆ ಕಣ್ಣು ಬಿಟ್ಟರೆ ಏನಿದೆ?

ಗುಟ್ಟಾಗಿ ಹೊಸಪೇಟೆಯ ಒಂದು ಕನ್ನಡಕದ ಅಂಗಡಿಗೆ ಹೋಗಿ ಪರೀಕ್ಷೆ ಮಾಡಿಸಿದೆ. ಗೋಡೆಯ ಮೇಲಿನ ಅಕ್ಷರಗಳು ನನ್ನ ಕಣ್ಣಿನ ಮಟ್ಟಕ್ಕಿಂತ ಎತ್ತರದಲ್ಲಿದ್ದವು, ಹಾಗಾಗಿ ಎಲ್ಲವನ್ನೂ ಸಲೀಸಾಗಿ ಓದಿದೆ. ಅವರು ಓದುವ ಕನ್ನಡಕ ಕೊಟ್ಟು ಕಳಿಸಿದರು. ಆ ಕನ್ನಡಕದಲ್ಲಿ ನಡುಗುವ ಅಕ್ಷರಗಳು ದೊಡ್ಡದಾಗಿ ನಡುಗಿದವು, ಅಷ್ಟೇ.

ಒಂದು ದಿನ ಮೊದಲ ಶಿಫ್ಟಿಗೆ ಹೋದಾಗ ಗೇಟಿನ ಬಳಿ ನನ್ನ ಕಾಲು ತೊಡರಿತು. ಎದುರಿಗೆ ಸಣ್ಣ ಇಳಿಜಾರು ಇತ್ತು, ಅದು ನನ್ನ ಕಣ್ಣಿಗೆ ಮೇಲೆ ಕೆಳಗೆ ಆಡುತ್ತಿತ್ತು. ಗೋಡೆ ಹಿಡಿದುಕೊಂಡು ನಡೆದೆ. ಕಾವಲಿನವನು ನನ್ನನ್ನು ಪಕ್ಕಕ್ಕೆ ಕರೆದು, ಕುಡಿದು ಬಂದವರನ್ನು ಹಿಡಿಯುವ ಸಣ್ಣ ಮೆಷಿನ್ನಿಗೆ ಬಾಯಿಯಿಂದ ಊದಿಸಿದ. ಹಿಂದೆ ಮುಂದೆ ನನ್ನದೇ ಶಿಫ್ಟಿನವರು ಸಾಲಾಗಿ ನಿಂತಿದ್ದರು. ಮೆಷಿನ್ನಿನಲ್ಲಿ ಏನೂ ಬರಲಿಲ್ಲ. ಅವನು ಇನ್ನೊಮ್ಮೆ ಊದಿಸಿದ. ಎರಡನೆಯ ಸಲವೂ ಏನೂ ಬರದಿದ್ದಾಗ ಹೋಗ್ರಿ ಎಂದ. ಆದರೆ ಸಾಲಿನಲ್ಲಿದ್ದವರು ಆ ಮೆಷಿನ್ನಿನ ಮಾತು ನಂಬಲಿಲ್ಲ. ಜೀವಮಾನದಲ್ಲಿ ಒಂದು ಹನಿ ಮುಟ್ಟದ ನಾನು ಕುಡುಕನೆಂಬ ಮಾತು ಒಂದು ವಾರದಲ್ಲಿ ಕ್ಯಾಂಟೀನಿನಲ್ಲೆಲ್ಲ ಓಡಾಡಿತು. ನನ್ನ ಸಿಗ್ನಲ್ ಅಣ್ಣ ಮಾತ್ರ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅಷ್ಟರಲ್ಲಿ ಅವರ ಕೈಸನ್ನೆಗಳು ಬದಲಾಗಿದ್ದವು. ಮೊದಲು ಮೊಣಕೈ ಮಡಚಿ, ಬೆರಳಲ್ಲಿ ಮಾತ್ರ ಸನ್ನೆ ಮಾಡುತ್ತಿದ್ದವರು ಈಗ ಇಡೀ ತೋಳನ್ನು ಚಾಚಿ, ನಿಧಾನವಾಗಿ ಮಾಡುತ್ತಿದ್ದರು. ನಿಲ್ಲಿಸು ಎನ್ನುವಾಗ ಒಂದು ಹೆಜ್ಜೆ ಹಿಂದಕ್ಕೂ ಸರಿಯುತ್ತಿದ್ದರು. ವಯಸ್ಸಾಯಿತು, ತೋಳು ನೋಯುತ್ತಿರಬೇಕು ಎಂದುಕೊಂಡೆ. ಅವರು ನನಗಾಗಿ ಹಾಗೆ ಮಾಡುತ್ತಿದ್ದಾರೆಂದು ಹೊಳೆಯಲಿಲ್ಲ. ಹೊಳೆಯದಂತೆ ನಾನೇ ನೋಡಿಕೊಂಡೆ ಅನ್ನುವುದು ಹೆಚ್ಚು ಸರಿ.

ಆ ದಿನ ಹನ್ನೊಂದು ಗಂಟೆಯ ಹೊತ್ತು. ಒಂದು ಟ್ರೈಲರಿಗೆ ದಪ್ಪ ಪ್ಲೇಟುಗಳ ಕಟ್ಟನ್ನು ಇಳಿಸುತ್ತಿದ್ದೆವು. ಪ್ಲೇಟಿನ ಕೆಳಗೆ ಕೊಡಲು ಮರದ ತುಂಡುಗಳಿರುತ್ತವೆ, ಅಣ್ಣ ಅವುಗಳಲ್ಲೊಂದನ್ನು ಎಡಗೈಯಲ್ಲಿ ಸರಿಮಾಡುತ್ತ ಬಲಗೈಯಲ್ಲಿ ಸನ್ನೆ ಮಾಡುತ್ತಿದ್ದರು. ಬೆರಳು ಸುತ್ತಿದ್ದು ಕಂಡಿತು, ಇಳಿಸಿದೆ. ಆಮೇಲೆ ಆ ಕೈ ನಿಂತಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ನನ್ನ ಕಣ್ಣಲ್ಲಿ ಎಲ್ಲವೂ ಆಡುತ್ತಿತ್ತು, ನಿಂತ ಕೈಯೂ ಆಡುವ ಕೈಯೂ ಒಂದೇ ಆಗಿದ್ದವು. ಇಳಿಸುತ್ತಲೇ ಹೋದೆ. ಅವರ ತಲೆ ಒಮ್ಮೆಲೇ ಮೇಲಕ್ಕೆದ್ದಿತು. ಎರಡೂ ಕೈಗಳನ್ನು ಬೀಸಿದರೆಂಬ ಅಂದಾಜಿನ ಮೇಲೆ ಲಿವರನ್ನು ಹಿಂದಕ್ಕೆಳೆದೆ. ಕಟ್ಟು ಮರದ ತುಂಡಿನ ಮೇಲೆ ಕೂತು ನಿಂತಿತು.

ಅವರು ಮೇಲೆ ನೋಡಿ, ಕಟ್ಟನ್ನು ಸ್ವಲ್ಪ ಎತ್ತಲು ಸನ್ನೆ ಮಾಡಿದರು. ಎತ್ತಿದೆ. ಅಲ್ಲಿ ಅವರ ಕೈಗವಸು ಸಿಕ್ಕಿಕೊಂಡಿತ್ತು. ಕೈಯನ್ನು ಅದರಿಂದ ಕಿತ್ತುಕೊಂಡು ಬಿಟ್ಟಿದ್ದರು. ಐದೂ ಬೆರಳು ಅಗಲಿಸಿ ನನಗೆ ತೋರಿಸಿದರು. ಆಮೇಲೆ ಕೈಗವಸನ್ನು ಹೊರತೆಗೆದು, ಜಾಡಿಸಿ ಹಾಕಿಕೊಂಡು, ಮುಂದಿನ ಕಟ್ಟಿಗೆ ಸನ್ನೆ ಮಾಡಿದರು. ಏನೂ ನಡೆದೇ ಇಲ್ಲವೆನ್ನುವ ಹಾಗೆ.

ಚಹಾದ ಹೊತ್ತಿಗೆ ನಾನು ಇಳಿದು ಬಂದೆ. ಏಣಿಯನ್ನು ಹಿಂದುಮುಂದಾಗಿ, ಗೋಡೆಗೆ ಮುಖ ಮಾಡಿ ಇಳಿದೆ. ಅಣ್ಣ ಶೆಡ್ಡಿನ ಹಿಂದಿನ ಬೇವಿನ ಮರದ ಕೆಳಗೆ ಕೂತಿದ್ದರು. ನಾನು ಪಕ್ಕಕ್ಕೆ ಕೂತು, ಬೇಸಿಗೆಯಿಂದ ಆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಚಹಾ ಕುಡಿಯುತ್ತ ಕೇಳಿದರು.

"ಗೊತ್ತೈತಿ" ಎಂದರು. "ನಾಕು ತಿಂಗಳಾತು. ನಾ ಕೈ ನಿಂದ್ರಿಸಿದ್ರೂ ನೀ ಒಂದು ಗೇಣು ಇಳಿಸ್ತಿದ್ದಿ. ಅದಕ್ಕs ದೊಡ್ಡದು ಮಾಡಿ ತೋರ್ಸಕತ್ತಿದ್ದೆ."

ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಲೋಟ ಕೆಳಗಿಟ್ಟು, "ಕೈ ಉಳದೈತಿ ಬಿಡು. ಯಾರಿಗೂ ಹೇಳಬ್ಯಾಡ. ಡಾಕ್ಟ್ರಿಗೆ ತೋರ್ಸು. ಅಲ್ಲಿ ತನ ಕೆಳಗ ನಾ ನೋಡ್ಕೆಂತೀನಿ" ಎಂದರು.

ನಾನು ತಲೆಯಾಡಿಸಿ ಮತ್ತೆ ಮೇಲೆ ಹತ್ತಿದೆ. ಹತ್ತುವುದು ಕಷ್ಟವಿರಲಿಲ್ಲ. ಕ್ಯಾಬಿನ್ನಿನಲ್ಲಿ ಕೂತು ಲಿವರಿನ ಮೇಲೆ ಕೈ ಇಟ್ಟೆ. ಕೆಳಗೆ ಅವರ ಬಿಳಿ ಹೆಲ್ಮೆಟ್ಟು ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿತ್ತು. ಆ ಹೆಲ್ಮೆಟ್ಟಿನ ಕೆಳಗೆ ಒಬ್ಬ ಮನುಷ್ಯ ನನ್ನನ್ನು ನಂಬಿ ನಿಂತಿದ್ದಾನೆ ಅನ್ನಿಸಿದಾಗ ನನ್ನ ಕೈ ಲಿವರನ್ನು ದೂಡಲಿಲ್ಲ. ಮೇನ್ ಸ್ವಿಚ್ಚು ಆರಿಸಿ, ಕೀಲಿ ತೆಗೆದುಕೊಂಡು ಇಳಿದು, ಅವರ ಮುಖ ನೋಡದೆ ಸೂಪರ್‌ವೈಸರರ ಕೋಣೆಗೆ ಹೋದೆ. ಕೀಲಿಯನ್ನು ಮೇಜಿನ ಮೇಲಿಟ್ಟು, ನನಗೆ ಕಣ್ಣು ಕಾಣುವುದಿಲ್ಲ, ಇನ್ನು ಕ್ರೇನ್ ನಡೆಸುವುದಿಲ್ಲ ಎಂದೆ.

ಕೀಲಿ ಕೊಟ್ಟದ್ದು ಸರಿ. ತಪ್ಪು ಮಾಡಿದ್ದು ಆಮೇಲೆ. ಮಧ್ಯಾಹ್ನ ಸೇಫ್ಟಿ ಆಫೀಸರು ಕರೆದು ವಿಚಾರಿಸಿದರು. ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿ ಕೇಳಿದರು. ಯಾವಾಗಿನಿಂದ, ಹೇಗೆ, ಯಾರಿಗಾದರೂ ಪೆಟ್ಟಾಗಿದೆಯೇ. ಎಲ್ಲವನ್ನೂ ಹೇಳಿದೆ. ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದು ಬಿಚ್ಚಿದ ಹಗುರದಲ್ಲಿ ನನ್ನ ಬಾಯಿಗೆ ಹಿಡಿತ ಇರಲಿಲ್ಲ. ಇಷ್ಟು ದಿನ ಯಾರಿಗೂ ಏನೂ ಆಗದೆ ಇದ್ದದ್ದು ನನ್ನ ಸಿಗ್ನಲ್ ಅಣ್ಣನಿಂದ, ಅವರಿಗೆ ನನ್ನ ಕಣ್ಣಿನ ತೊಂದರೆ ತಿಳಿದಿತ್ತು, ಅದಕ್ಕೇ ದೊಡ್ಡದಾಗಿ ಸನ್ನೆ ಮಾಡುತ್ತಿದ್ದರು ಎಂದು, ಹೊಗಳುವ ದನಿಯಲ್ಲಿ ಹೇಳಿದೆ. ಅವರು ಬರೆದುಕೊಳ್ಳುತ್ತಿದ್ದ ಪೆನ್ನು ಒಂದು ಕ್ಷಣ ನಿಂತು ಮತ್ತೆ ಓಡಿತು. ಆಗಲೂ ನನಗೆ ತಿಳಿಯಲಿಲ್ಲ.

ತಿಳಿದೂ ಮುಚ್ಚಿಟ್ಟವರೆಂದು ಅಣ್ಣನಿಗೆ ನೋಟಿಸು ಬಂತು. ಸಿಗ್ನಲ್ ಕೆಲಸದಿಂದ ತೆಗೆದು, ಹೊರಗಿನ ಯಾರ್ಡಿನಲ್ಲಿ ಗುಜರಿ ಕಬ್ಬಿಣ ಬೇರ್ಪಡಿಸುವ ಕಡೆ ಹಾಕಿದರು. ಬಿಸಿಲಿನಲ್ಲಿ ನಿಂತು ಮಾಡುವ ಕೆಲಸ. ನಿಯಮದ ಪ್ರಕಾರ ಅದು ತಪ್ಪೆಂದು ಹೇಳಲಾರೆ. ಅವರು ಮುಚ್ಚಿಟ್ಟಿದ್ದು ನಿಜ, ಮುಂದೆ ಇನ್ನೊಬ್ಬರ ಕೈಯೋ ತಲೆಯೋ ಹೋಗಬಹುದಿತ್ತು. ಆದರೆ ನಾನು ಕ್ಷಮೆ ಕೇಳಲು ಯಾರ್ಡಿಗೆ ಹೋದ ದಿನ ಅವರು ಕೆಲಸ ನಿಲ್ಲಿಸಲಿಲ್ಲ. ನಾನು ಅಣ್ಣಾ ಎಂದೆ. ಅವರು ಮುಖ ತಿರುಗಿಸಿಕೊಂಡು, ಒಂದು ಕಬ್ಬಿಣದ ತುಂಡನ್ನು ಎತ್ತಿ ರಾಶಿಗೆ ಎಸೆದರು. ನಾನು ಮತ್ತೆ ಕರೆಯಲಿಲ್ಲ.

ಕೀಲಿ ಕೊಟ್ಟ ದಿನ ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದಾಗ ಅವಳು ಮೊದಲು ಅತ್ತಳು, ಆಮೇಲೆ ಬೈದಳು. ಕ್ರೇನಿನ ಕೆಲಸ ಹೋದದ್ದಕ್ಕೆ ಬೈಯಲಿಲ್ಲ. ಇಷ್ಟು ತಿಂಗಳು ತನ್ನ ಮೇಲೆಯೇ ಸಿಟ್ಟೆಂದು ತಿಳಿಯಲು ಬಿಟ್ಟದ್ದಕ್ಕೆ ಬೈದಳು. ಮರುದಿನ ಅವಳೇ ಹೊಸಪೇಟೆಯ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿ ಒಬ್ಬ ಯುವ ಡಾಕ್ಟರಮ್ಮ ಇದ್ದರು. ಅವರು ಗೋಡೆಯ ಅಕ್ಷರ ಓದಿಸುವುದಕ್ಕೆ ಮೊದಲೇ ನನ್ನ ಎದುರಿಗೆ ಕೂತು, ನೀವು ಯಾವಾಗಲೂ ಹೀಗೆ ಗದ್ದ ಒತ್ತಿಕೊಂಡೇ ನೋಡುತ್ತೀರಾ ಎಂದು ಕೇಳಿದರು. ನನ್ನ ಗದ್ದವನ್ನು ಮೆಲ್ಲಗೆ ಎತ್ತಿ ನೇರ ಮಾಡಿ, ತಮ್ಮ ಬೆರಳನ್ನೇ ನೋಡಲು ಹೇಳಿದರು. ಬೆರಳನ್ನು ಬಲಕ್ಕೆ ಒಯ್ದರು, ಎಡಕ್ಕೆ ಒಯ್ದರು, ಮೇಲೆ ಒಯ್ದರು. ಕೆಳಗೆ ತಂದಾಗ ಅವರ ಮುಖದಲ್ಲಿದ್ದ ನಗು ಹೋಯಿತು. ನನ್ನ ಹೆಂಡತಿಯ ಫೋನು ತೆಗೆದುಕೊಂಡು, ನನ್ನ ಕಣ್ಣುಗಳನ್ನು ಹತ್ತಿರದಿಂದ ವಿಡಿಯೋ ಮಾಡಿದರು.

"ಇಲ್ಲಿ ನೋಡ್ರಿ" ಎಂದರು. "ಕಣ್ಣು ತಾನಾಗೇ ಮೆಲ್ಲಕ ಮ್ಯಾಲ ಸರಿತೈತಿ, ಆಮ್ಯಾಲ ಗಬಕ್ನ ಕೆಳಗ ಜಿಗಿತೈತಿ. ಇದು ನೀವು ಮಾಡೋದಲ್ರಿ. ನಿಮಗ ಗೊತ್ತಿಲ್ದಂಗ ಆಗ್ತೈತಿ."

ನಾನು ಫೋನನ್ನು ಎತ್ತರಕ್ಕೆ ಹಿಡಿದು ನೋಡಿದೆ. ಪರದೆಯ ತುಂಬ ಎರಡು ಕಣ್ಣುಗಳು ಕುಣಿಯುತ್ತಿದ್ದವು. ಆದರೆ ನನ್ನ ಕಣ್ಣಿಗೆ ಆ ಫೋನಿನ ಅಂಚೂ ಸಣ್ಣಗೆ ಕುಣಿಯುತ್ತಿತ್ತು, ಅದನ್ನು ಹಿಡಿದ ಬೆರಳೂ ಕುಣಿಯುತ್ತಿತ್ತು. ವಿಡಿಯೋದಲ್ಲಿರುವುದು ಎಷ್ಟು, ನೋಡುವ ಕಣ್ಣಿನದು ಎಷ್ಟು ಎಂದು ತಿಳಿಯಲಿಲ್ಲ. ಹೆಂಡತಿಯನ್ನು ಕೇಳಿದೆ. ಅವಳು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ತಾನೇ ಬಹಳ ಹೊತ್ತು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೆಕ್ಕರಿಸಿ ನೋಡುತ್ತದೆಂದುಕೊಂಡ ಕಣ್ಣು ಅವಳಿಗೆ ಆಗ ನಿಜವಾಗಿ ಕಂಡಿತ್ತು.

ಅದರ ಹೆಸರು ನಿಸ್ಟಾಗ್ಮಸ್ ಎಂದು ಡಾಕ್ಟರಮ್ಮ ಬರೆದುಕೊಟ್ಟರು. ಕಣ್ಣಿನ ಕಾಯಿಲೆಯಂತೆ ಕಂಡರೂ ಇದು ಕಣ್ಣಿನದಲ್ಲ, ನರದ ಡಾಕ್ಟರನ್ನು ನೋಡಬೇಕು ಎಂದು ಬಳ್ಳಾರಿಗೆ ಕಳಿಸಿದರು. ಅಲ್ಲಿ ತಲೆಯ ಸ್ಕ್ಯಾನ್ ಆಯಿತು, ರಕ್ತದ ಹತ್ತಾರು ಪರೀಕ್ಷೆಗಳಾದವು. ಕುಡಿಯುತ್ತೀರಾ ಎಂದು ಅಲ್ಲಿಯೂ ಕೇಳಿದರು. ಇಲ್ಲ ಎಂದಾಗ ನಂಬಿದರು. ಮಾತ್ರೆಗಳು ಯಾವುವು ತೆಗೆದುಕೊಳ್ಳುತ್ತೀರಿ, ಮನೆತನದಲ್ಲಿ ಯಾರಿಗಾದರೂ ನಡಿಗೆ ತಪ್ಪುತ್ತಿತ್ತೇ ಎಂದು ಕೇಳಿದರು. ನನಗೆ ತಿಳಿದಂತೆ ಯಾರಿಗೂ ಇರಲಿಲ್ಲ.

ನರದ ಡಾಕ್ಟರು ವಯಸ್ಸಾದವರು. ಸ್ಕ್ಯಾನಿನ ಫಿಲಂ ಅನ್ನು ಬೆಳಕಿಗೆ ಹಿಡಿದು, ತಲೆಯ ಹಿಂಭಾಗದ, ಕುತ್ತಿಗೆಯ ಮೇಲಿನ ಸಣ್ಣ ಮಿದುಳನ್ನು ತೋರಿಸಿದರು. ಒಂದು ಕಡೆ ದಿಟ್ಟಿಸುವಾಗ ಕಣ್ಣನ್ನು ಅಲ್ಲಿಯೇ ಹಿಡಿದು ನಿಲ್ಲಿಸುವುದು ಇದರ ಕೆಲಸ, ಇದು ಕೈಬಿಟ್ಟರೆ ಕಣ್ಣು ಜಾರುತ್ತದೆ, ಜಾರಿದ್ದನ್ನು ಸರಿಮಾಡಲು ಮತ್ತೆ ಜಿಗಿಯುತ್ತದೆ ಎಂದು ವಿವರಿಸಿದರು. ಗಡ್ಡೆ ಇಲ್ಲ, ರಕ್ತ ಹೆಪ್ಪುಗಟ್ಟಿಲ್ಲ. ಯಾಕೆ ಹೀಗಾಯಿತೆಂದು ಕೇಳಿದೆ. ಕಾರಣ ಸಿಗಲಿಲ್ಲ ಎಂದರು, ಇಂಥದ್ದರಲ್ಲಿ ಎಷ್ಟೋ ಸಲ ಸಿಗುವುದೇ ಇಲ್ಲ ಎಂದರು. ಆ ಮಾತು ನನಗೆ ಬಹಳ ಕಷ್ಟವಾಯಿತು. ಕ್ರೇನು ನಡುಗಿದರೆ ಗಾಲಿ ನೋಡುತ್ತಾರೆ, ಬೇರಿಂಗು ನೋಡುತ್ತಾರೆ, ಏನಾದರೊಂದು ಸಿಕ್ಕೇ ಸಿಗುತ್ತದೆ. ನನ್ನಲ್ಲಿ ಯಾವುದೂ ಸಿಗಲಿಲ್ಲ, ನಡುಕ ಮಾತ್ರ ಇತ್ತು. ಹೃದಯ ತಾಳುತ್ತದೆಯೇ ಎಂದು ಪರೀಕ್ಷೆ ಮಾಡಿಸಿ, ಒಂದು ಮಾತ್ರೆ ಬರೆದುಕೊಟ್ಟರು. ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗಬಹುದು ಎಂದರು. ಕಡಿಮೆಯಾಯಿತು. ಮೊದಲಿನ ಅರ್ಧದಷ್ಟು ಎನ್ನಬಹುದು. ಕ್ರೇನಿನ ಮಾತನ್ನು ನಾನು ಕೇಳಲಿಲ್ಲ, ಅವರೂ ಎತ್ತಲಿಲ್ಲ.

ಕಾರ್ಖಾನೆಯವರು ನನ್ನನ್ನು ಸ್ಟೋರಿಗೆ ಹಾಕಿದರು. ಕೆಳಗಿನ ಕಪಾಟುಗಳ ಚೀಟಿ ಓದಲು ಮೊಣಕಾಲೂರಿ ನೆಲಕ್ಕೆ ಕೆನ್ನೆ ಹಚ್ಚಬೇಕಾಗುತ್ತಿತ್ತು. ಕೆಲವು ತಿಂಗಳು ಮಾಡಿ ನಾನೇ ಬಿಟ್ಟೆ. ಸ್ಟೋರಿನ ಕಿಟಕಿಯಿಂದ ಯಾರ್ಡು ಕಾಣುತ್ತಿತ್ತು ಅನ್ನುವುದೂ ಒಂದು ಕಾರಣ.

ಆಮೇಲಿನ ಮಳೆಗಾಲ ನಾನು ಮನೆಯಿಂದ ಹೊರಗೆ ಹೋದದ್ದೇ ಕಡಿಮೆ. ಒಂದು ಸೋಮವಾರ ಹೆಂಡತಿ ಹಠ ಮಾಡಿ ಹಂಪಿಗೆ ಕರೆದುಕೊಂಡು ಹೋದಳು. ವಿರೂಪಾಕ್ಷನ ದರ್ಶನವಾದ ಮೇಲೆ ಪಕ್ಕದ ಹೇಮಕೂಟದ ಬಂಡೆ ಹತ್ತೋಣ ಎಂದಳು. ನನಗೆ ಬೇಡವಾಗಿತ್ತು, ಆದರೂ ಹತ್ತಿದೆ. ಹತ್ತುವಾಗ ಕಣ್ಣು ಮೇಲಕ್ಕಿರುತ್ತದೆ, ಕಷ್ಟವಾಗಲಿಲ್ಲ. ಮೇಲೆ ಹೋಗಿ ಬಂಡೆಯ ಮೇಲೆ ಕೂತು ತಲೆ ತಗ್ಗಿಸಿ ಕಣ್ಣೆತ್ತಿದಾಗ ಗೋಪುರದ ತುದಿ ಕಂಡಿತು. ನಿಂತಿತ್ತು. ಕಳಸದ ಸುತ್ತ ಹಾರುತ್ತಿದ್ದ ಪಾರಿವಾಳಗಳು ಮಾತ್ರ ಅಲುಗುತ್ತಿದ್ದವು, ಗೋಪುರ ಅಲುಗುತ್ತಿರಲಿಲ್ಲ. ಅಲುಗುವುದು ಅಲುಗುವಂತೆ, ನಿಂತದ್ದು ನಿಂತಂತೆ ಕಂಡು ಎಷ್ಟೋ ದಿನವಾಗಿತ್ತು. ಬಹಳ ಹೊತ್ತು ಅಲ್ಲಿಯೇ ಕೂತೆ.

ಇಳಿಯುವಾಗ ಕಾಲ ಕೆಳಗಿನ ಬಂಡೆ ನೀರಿನಂತೆ ಆಡತೊಡಗಿತು. ಎರಡು ಹೆಜ್ಜೆ ಇಟ್ಟು ಕೂತುಬಿಟ್ಟೆ. ಅವಳು ನನ್ನ ಮುಂದೆ ಬಂದು ಬೆನ್ನು ಮಾಡಿ ನಿಂತು, ಎರಡೂ ಕೈಗಳನ್ನು ತನ್ನ ಹೆಗಲ ಮೇಲೆ ಇಡಲು ಹೇಳಿದಳು. ಕೆಳಗೆ ನೋಡಬೇಡಿ, ನನ್ನ ತಲೆಯ ಮೇಲಿನಿಂದ ದೂರ ನೋಡಿ ಎಂದಳು. ಒಂದೊಂದೇ ಹೆಜ್ಜೆಗೆ, ಸಣ್ಣದು, ದೊಡ್ಡದು, ಇಲ್ಲಿ ಜಾರ್ತೈತಿ, ಎಂದು ಹೇಳುತ್ತ ಇಳಿಸಿದಳು. ಹತ್ತಿ ಬರುತ್ತಿದ್ದ ಹೆಂಗಸೊಬ್ಬರು ದಾರಿ ಬಿಟ್ಟು, ಪಾಪ, ಕಣ್ಣಿಲ್ಲ ಎಂದರು.

ನನ್ನ ಹೆಂಡತಿ ನಿಲ್ಲದೆಯೇ ಹೇಳಿದಳು. "ಕಣ್ಣು ಅದಾವ್ರೀ. ಕೆಳಗಿಂದು ಅಷ್ಟs ಕಾಣಂಗಿಲ್ಲ."

ಆ ಮಾತು ಕೇಳಿ, ಬಹಳ ತಿಂಗಳ ಮೇಲೆ, ನನಗೆ ನಗು ಬಂತು. ಅವಳಿಗೂ ಬಂತು. ಅವಳ ಹೆಗಲು ನನ್ನ ಕೈಕೆಳಗೆ ಅಲುಗಿದ್ದರಿಂದ ತಿಳಿಯಿತು.

ಅದಾದ ಮೇಲೆ ಬದುಕನ್ನು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಎತ್ತಿಟ್ಟುಕೊಂಡೆವು. ಪುಸ್ತಕವನ್ನು ಅಂಗಾತ ಮಲಗಿ ತಲೆಯ ಮೇಲೆ ಹಿಡಿದು ಓದುವುದು ಕಲಿತೆ. ಬರೆಯಬೇಕಾದಾಗ ಕಪಾಟಿನ ಬಾಗಿಲಿಗೆ ಹಲಗೆ ತಗುಲಿಸಿ ನಿಂತು ಬರೆಯುತ್ತೇನೆ, ಇದನ್ನೂ ಹಾಗೆಯೇ ಬರೆಯುತ್ತಿದ್ದೇನೆ. ನನ್ನ ಹೆಂಡತಿಯ ತವರು ಕಂಪ್ಲಿ. ಅಲ್ಲಿ ಅವಳ ಅಣ್ಣನಿಗೆ ಪಂಪ್‌ಸೆಟ್ಟಿನ ಮೋಟಾರು ರೀವೈಂಡಿಂಗ್ ಮಾಡುವ ಅಂಗಡಿ ಇದೆ. ನಾನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿತವನು. ಅವರು ನನಗಾಗಿ ಎದೆಯ ಮಟ್ಟಕ್ಕಿಂತ ಎತ್ತರದ ಒಂದು ಸ್ಟ್ಯಾಂಡು ಮಾಡಿಸಿದರು. ಮೋಟಾರನ್ನು ಅದರ ಮೇಲಿಟ್ಟು ತಾಮ್ರದ ತಂತಿ ಸುತ್ತುತ್ತೇನೆ. ಮೊದಲ ತಿಂಗಳುಗಳಲ್ಲಿ ಎಷ್ಟೋ ಸುತ್ತು ತಪ್ಪಿ ಬಿಚ್ಚಬೇಕಾಯಿತು. ಈಗ ಬೆರಳೇ ಎಣಿಸುತ್ತದೆ. ಬತ್ತದ ನಾಟಿಯ ಕಾಲದಲ್ಲಿ ನದಿಯ ಎರಡೂ ದಂಡೆಯ ರೈತರು ಸುಟ್ಟ ಮೋಟಾರು ಹೊತ್ತು ತರುತ್ತಾರೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತೇನೆ.

ಹೀಗೆ ಮೂರು ವರ್ಷ ಕಳೆಯಿತು. ಹಳೆಯ ಕಾರ್ಖಾನೆಯವನೊಬ್ಬ ಕಂಪ್ಲಿಯಲ್ಲಿ ಸಿಕ್ಕು, ನಿನ್ನ ಸಿಗ್ನಲ್‌ನವರು ರಿಟೈರ್ ಆದರು, ಬೀಳ್ಕೊಡುಗೆಗೆ ನೀನು ಬರಲಿಲ್ಲವಲ್ಲ ಎಂದ. ನನಗೆ ಯಾರೂ ಹೇಳಿರಲಿಲ್ಲ. ಆ ದಿನ ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ಕಾರಣ ಕೇಳಿದ ಹೆಂಡತಿ, ಅವರು ಕರೆಯಲಿಲ್ಲವೆಂದು ನೀವು ಹೋಗದೆ ಇರುವುದು ಯಾವ ನ್ಯಾಯ, ತಪ್ಪು ಯಾರದ್ದು ಎಂದಳು.

ಭಾನುವಾರ ವಡ್ಡಿಗೆ ಹೋದೆ. ಅವರ ಮನೆ ಊರ ತುದಿಯಲ್ಲಿ, ಮುಂದೆ ಹತ್ತಿಯ ಹೊಲ. ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದರು. ಮೈ ಇಳಿದಿತ್ತು, ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದೇಳಲಿಲ್ಲ, ಹೋಗು ಅನ್ನಲೂ ಇಲ್ಲ. ಹಗ್ಗದ ತುದಿಯನ್ನು ಕಾಲ ಬೆರಳಿಗೆ ಸಿಕ್ಕಿಸಿಕೊಂಡು, ಕುಂದ್ರು ಎಂದರು. ಅವರ ಮನೆಯವರು ಮಜ್ಜಿಗೆ ತಂದುಕೊಟ್ಟು ಒಳಗೆ ಹೋದರು.

ದಾರಿಯಲ್ಲಿ ಏನೇನೋ ಜೋಡಿಸಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಒಂದೇ, ತಪ್ಪಾಯಿತು ಅನ್ನುವುದು. ನಾನು ಹೇಳಬಾರದಿತ್ತು ಎಂದೆ.

ಅವರು ತಲೆಯಾಡಿಸಿದರು. "ಹೇಳಬೇಕಿತ್ತು. ನೀ ಹೇಳಿದ್ದು ಚಲೋ ಆತು. ನಿನ್ನ ಮಾತು ನೀ ಹೇಳ್ಕೆಂಡಿ, ಅದಕ್ಕ ನನಗ ಸಿಟ್ಟಿಲ್ಲ. ನನ್ನ ಮಾತು ನನ್ನ ಕೇಳದs ಹೇಳಿದಿ. ಒಂದು ಮಾತು ಬಂದು ಕೇಳಿದ್ರ, ನಾನs ಬಂದು ಹೇಳ್ತಿದ್ದೆ."

ಅವರು ಹೇಳಿದ್ದು ಅಕ್ಷರಶಃ ನಿಜ. ಕೀಲಿ ಹಿಡಿದು ಸೂಪರ್‌ವೈಸರರ ಕೋಣೆಗೆ ಹೋಗುವಾಗ ಅವರು ನನ್ನ ದಾರಿಯಲ್ಲಿಯೇ ನಿಂತಿದ್ದರು. ಒಂದು ಗಳಿಗೆ ನಿಂತು ಹೇಳಿಹೋಗಬಹುದಿತ್ತು.

ಬೇವಿನ ಮರದ ಕೆಳಗೆ ಅವರು ಉತ್ತರ ಕೊಡದೆ ಬಿಟ್ಟ ಪ್ರಶ್ನೆಯನ್ನು ಮತ್ತೆ ಕೇಳಿದೆ. ನನ್ನ ಕಣ್ಣು ಕೆಟ್ಟಿದೆಯೆಂದು ತಿಳಿದೂ ನಾಲ್ಕು ತಿಂಗಳು ಆ ಲೋಡಿನ ಕೆಳಗೆ ಯಾಕೆ ನಿಂತರು ಎಂದು. ನನ್ನ ಮೇಲಿನ ಮರುಕದಿಂದ ಎನ್ನುತ್ತಾರೆ ಎಂದುಕೊಂಡಿದ್ದೆ.

"ನೀ ಹೋದ್ರ ಹೊಸಬನ್ನ ಹಾಕ್ತಿದ್ರು" ಎಂದರು. "ಹೊಸಬನ ಕೆಳಗ ನಿಂದ್ರಾಕ ನನಗ ಧೈರ್ಯ ಇದ್ದಿಲ್ಲ, ತಮ್ಮಾ. ನಿನ್ನ ಕಣ್ಣು ಕೆಟ್ಟಿದ್ರೂ ನಿನ್ನ ಕೈ ನನಗ ಗೊತ್ತಿತ್ತು. ಆದ್ರೂ ದಿನಾ ಹೆದರಿಕ್ಯಂತs ನಿಂದ್ರುತಿದ್ದೆ. ಮನ್ಯಾಗ ಯಾರಿಗೂ ಹೇಳಿಲ್ಲ."

ಅವರಿಗೂ ಹೆದರಿಕೆ ಇತ್ತೆನ್ನುವುದು ಅಲ್ಲಿಯವರೆಗೆ ನನ್ನ ತಲೆಗೆ ಬಂದಿರಲಿಲ್ಲ. ಮೇಲೆ ಕೂತ ನನ್ನ ಹೆದರಿಕೆಯೇ ದೊಡ್ಡದೆಂದು ತಿಳಿದಿದ್ದೆ. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ, ಇಪ್ಪತ್ತು ಅಡಿಯ ಅಂತರದಲ್ಲಿ, ಅದೇ ಹೆದರಿಕೆಯಲ್ಲಿ ದಿನಗಳನ್ನು ದೂಡಿದ್ದೆವು.

ಆಮೇಲೆ ಅವರು ನನ್ನ ಕಾಯಿಲೆಯ ಬಗ್ಗೆ ಕೇಳಿದರು. ವಿವರವಾಗಿ ಹೇಳಿದೆ. ಅವರಿಗೆ ನನ್ನ ಕಣ್ಣು ನೋಡಬೇಕೆನ್ನಿಸಿತು. ಹತ್ತಿರ ಬಂದು ಕೂತು, ಕೆಳಗೆ ನೋಡು ಎಂದರು. ನೋಡಿದೆ. ಮಾತ್ರೆಯಿಂದ ಕಡಿಮೆಯಾಗಿದ್ದರೂ ಜಿಗಿತ ಇದ್ದೇ ಇದೆ. ಅವರು ತುಂಬ ಹೊತ್ತು ನೋಡಿ, ಹಿಂದಕ್ಕೆ ಸರಿದು ಹಗ್ಗ ಎತ್ತಿಕೊಂಡರು. ನೋವೇನಾದರೂ ಇದೆಯೇ ಎಂದು ಮಾತ್ರ ಕೇಳಿದರು. ಇಲ್ಲ ಎಂದೆ.

ಊಟಕ್ಕೆ ಇರಲು ಅವರ ಮನೆಯವರು ಹೇಳಿದರು. ರೊಟ್ಟಿ, ಬದನೆಕಾಯಿ ಪಲ್ಯ ಉಂಡು ಹೊರಟೆ. ಅಣ್ಣ ಬಸ್ ಸ್ಟಾಪಿನವರೆಗೆ ಬಂದರು. ದಾರಿಯಲ್ಲಿ, ನಾನು ಕೇಳದೆಯೇ, "ಪೂರ್ತಿ ಮರ್ತೀನಿ ಅಂತ ಹೇಳಂಗಿಲ್ಲ ನೋಡು" ಎಂದರು. ಸರಿ ಅಣ್ಣಾ ಎಂದೆ. ಮತ್ತೆ ಬರ್ತೀನಿ ಎಂದಾಗ ಬ್ಯಾಡ ಅನ್ನಲಿಲ್ಲ.

ಈಗ ಎರಡು ತಿಂಗಳಿಗೊಮ್ಮೆ ಹೋಗುತ್ತೇನೆ. ಆ ವಿಷಯ ಮತ್ತೆ ಎತ್ತಿಲ್ಲ. ನನ್ನ ಕಣ್ಣು ಹಾಗೆಯೇ ಇದೆ, ಬಳ್ಳಾರಿಯ ಡಾಕ್ಟರು ವರ್ಷಕ್ಕೆರಡು ಸಲ ನೋಡುತ್ತಾರೆ. ಆ ಮೊದಲ ಭಾನುವಾರ ನಾನು ವಾಪಸು ಹತ್ತಬೇಕಿದ್ದ ಬಸ್ಸು ಒಂದು ಗಂಟೆ ತಡವಾಗಿತ್ತು. ಕಲ್ಲಿನ ಮೇಲೆ ಕೂತು, ಬಸ್ಸು ಬರುವವರೆಗೂ ಇಬ್ಬರೂ ಹತ್ತಿಗೆ ಬಿದ್ದ ಹುಳದ ಬಗ್ಗೆ ಮಾತಾಡಿದೆವು.